ಕಾಲುಂಗುರ ಕಪ್ಪು ಮಾಡಿದ ಕುಸಾತ್ಸು

ಬಸ್ ಇಳಿದು ಇಳಿಜಾರಲ್ಲಿ ಐದು ನಿಮಿಷ ನಡೆದಿದ್ವೋ ಇಲ್ವೋ, ನಮ್ಮನೆಯವರು ಮೂಗು ಸೊಟ್ಟ ಮಾಡಿ "ಯಾರ ಮನೇಲೋ ಮೊಟ್ಟೆ ಕೊಳೆತಿದೆ ಕಣೆ" ಅಂದ್ರು. ಯಾರ ಮನೇಲೂ ಅಲ್ಲ, ಇಡೀ ಊರೇ ಹಾಗೆ ವಾಸನೆ. ಇನ್ನೊಂದು ತಿರುವು ದಾಟಿದ್ರೆ ಊರ ನಟ್ಟನಡುವೆ, ನಮ್ಮ ಕಡೆ ಕಲ್ಯಾಣಿ ಇರುತ್ತಲ್ಲ ಅಂಥ ಜಾಗದಲ್ಲಿ, ಹಬೆ ಆಳೆತ್ತರ ಏಳ್ತಾ ಇದೆ, ಫೆಬ್ರವರಿ ಚಳಿ ಬೇರೆ, ಎದುರಿಗಿರೋ ಹೋಟೆಲ್ ಬೋರ್ಡ್ ಕೂಡ ಕಾಣಿಸ್ತಿಲ್ಲ.

ಟೋಕಿಯೋದಲ್ಲಿ ಇಷ್ಟು ವರ್ಷ ಇದ್ದೂ ಕುಸಾತ್ಸು ನೋಡಿಲ್ವಾ ಅಂತ ಆಫೀಸಲ್ಲಿ ಎಲ್ರೂ ಕೇಳಿ ಕೇಳಿ ಸಾಕಾಗಿ, ಒಂದು ಶನಿವಾರ ಬೆಳಿಗ್ಗೆ ಉಯೆನೋ ಸ್ಟೇಷನ್ನಲ್ಲಿ ಟ್ರೈನ್ ಹತ್ತಿದ್ವಿ. ಎರಡೂವರೆ ಗಂಟೆ ಟ್ರೈನು, ಆಮೇಲೆ ಬೆಟ್ಟದ ರಸ್ತೇಲಿ ಬಸ್ಸು. ಗುನ್ಮಾ ಅನ್ನೋ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿರೋ ಪುಟ್ಟ ಊರು ಇದು. ಬಿಸಿನೀರಿನ ಬುಗ್ಗೆ ಜಪಾನಲ್ಲಿ ಬೇಕಾದಷ್ಟಿವೆ, ಆದ್ರೆ ಪಂಪ್ ಇಲ್ದೆ ತಾನಾಗೇ ಉಕ್ಕೋ ನೀರಿನ ಲೆಕ್ಕದಲ್ಲಿ ದೇಶಕ್ಕೇ ಮೊದಲು ಕುಸಾತ್ಸು. ನಿಮಿಷಕ್ಕೆ 32,000 ಲೀಟರ್ ಮೇಲೆ, ಅಂದ್ರೆ ದಿನಕ್ಕೆ ನಾಲ್ಕೂವರೆ ಕೋಟಿ ಲೀಟರ್. ಬೆಂಗಳೂರಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನ ಕೇಳಿದ್ರೆ ಹೊಟ್ಟೆ ಉರಿಯುತ್ತೆ.

ಆದ್ರೆ ಆ ನೀರನ್ನ ಕುಡಿಯೋಕಾಗಲ್ಲ, ಹೊಲಕ್ಕೆ ಬಿಡೋಕಾಗಲ್ಲ, ಹಾಗೇ ಮೈಮೇಲೆ ಸುರ್ಕೊಳ್ಳೋಕೂ ಆಗಲ್ಲ. ಒಂದು, ವಿಪರೀತ ಬಿಸಿ. ಇನ್ನೊಂದು, ಅದು ಆಸಿಡ್. ಪಿಎಚ್ (ಹುಳಿ ಅಳೆಯೋ ಅಂಕಿ, ಅದು ಇಳಿದಷ್ಟೂ ಆಸಿಡ್ ಜೋರು) ಸುಮಾರು 2, ಹೆಚ್ಚುಕಮ್ಮಿ ನಿಂಬೆರಸದಷ್ಟು. ತುಟಿಗೆ ಒಂದು ಹನಿ ತಾಗಿಸಿ ನೋಡಿದೆ, ಹುಳಿ ಅಂದ್ರೆ ಹುಳಿ, ಜೊತೆಗೆ ಒಂಥರಾ ಕಬ್ಬಿಣದ ರುಚಿ. ಎರಡು ದಿನ ಅಲ್ಲಿ ಅಡ್ಡಾಡಿದ ಮೇಲೆ ನನಗೆ ಅನ್ಸಿದ್ದು ಏನಂದ್ರೆ, ಈ ಊರಿನ ಸಂಪ್ರದಾಯ ಅಂತ ನಾವು ಫೋಟೋ ತೆಗೆಯೋದೆಲ್ಲ, ಹಾಡು, ಮರದ ಹಲಗೆ, ಮೂರು ನಿಮಿಷದ ಸ್ನಾನ, ಎಲ್ಲಾ ಈ ಎರಡು ತಲೆನೋವಿಗೆ ಜನ ಕಂಡ್ಕೊಂಡ ಉಪಾಯಗಳೇ.

ನೀರು ಹೀಗಾಗೋಕೆ ಕಾರಣ ಊರ ಹಿಂದಿರೋ ಶಿರಾನೆ ಬೆಟ್ಟ. ಜೀವಂತ ಜ್ವಾಲಾಮುಖಿ ಅದು. ಬೆಟ್ಟದ ಮೇಲೆ ಬೀಳೋ ಮಳೆ, ಹಿಮ ಎಲ್ಲ ಬಂಡೆ ಸಂದಿಯಲ್ಲಿ ಕೆಳಗಿಳಿಯುತ್ತೆ, ಕೆಳಗಡೆ ಶಿಲಾಪಾಕದಿಂದ ಬರೋ ಗ್ಯಾಸ್‌ಗಳು ಸಿಗುತ್ತವೆ. ಸಲ್ಫರ್ ಡೈಆಕ್ಸೈಡ್ ಬಿಸಿನೀರಿಗೆ ಸಿಕ್ಕಿದ್ರೆ ಸುಮ್ನಿರಲ್ಲ, ಒಂದು ಪಾಲು ಸಲ್ಫ್ಯೂರಿಕ್ ಆಸಿಡ್ ಆಗುತ್ತೆ, ಇನ್ನೊಂದು ಪಾಲು ಗಂಧಕವೋ ಹೈಡ್ರೋಜನ್ ಸಲ್ಫೈಡೋ ಆಗುತ್ತೆ. ಹೈಡ್ರೋಜನ್ ಕ್ಲೋರೈಡ್ ಕರಗಿದ್ರೆ ಹೈಡ್ರೋಕ್ಲೋರಿಕ್ ಆಸಿಡ್, ಬಾತ್ರೂಮ್ ತೊಳೆಯೋ ಆಸಿಡ್ ಇದೆಯಲ್ಲ ಅದೇ. ನಮ್ಮನೆಯವರ ಮೂಗು ಹಿಡಿದ ಕೊಳೆತ ಮೊಟ್ಟೆ ಹೈಡ್ರೋಜನ್ ಸಲ್ಫೈಡ್. ಬೆಟ್ಟದ ತುದೀಲಿ ಯುಗಾಮಾ ಅಂತ ಒಂದು ಕುಳಿ-ಕೆರೆ ಇದೆ, ಅದರ ಪಿಎಚ್ 1ರ ಆಸುಪಾಸು. ಎಲ್ಲರ ಕಣ್ಣು, ಎಲ್ಲಾ ಯಂತ್ರ ಆ ಕೆರೆ ಮೇಲೆ ನೆಟ್ಟಿದ್ದಾಗ 2018ರ ಜನವರಿ 23ಕ್ಕೆ ಪಕ್ಕದ ಮೋತೋಶಿರಾನೆ ಶಿಖರ ಮುನ್ಸೂಚನೆ ಕೊಡದೆ ಸಿಡೀತು, ಸ್ಕೀ ತರಬೇತಿಯಲ್ಲಿದ್ದ ಒಬ್ಬ ಸೈನಿಕ ತೀರ್ಕೊಂಡ್ರು. ಸ್ನಾನದ ನೀರು ಕಾಯಿಸೋ ಒಲೆ ಎಂಥದ್ದು ಅನ್ನೋದು ಇಂಥ ದಿನ ಗೊತ್ತಾಗುತ್ತೆ.

ಊರ ನಡುವಿನ ಆ ಹಬೆಯ ಜಾಗಕ್ಕೆ ಯುಬತಾಕೆ ಅಂತಾರೆ. ಯು ಅಂದ್ರೆ ಬಿಸಿನೀರು, ಹತಾಕೆ ಅಂದ್ರೆ ಹೊಲ. ಬಿಸಿನೀರಿನ ಹೊಲ! ಐವತ್ತು ಡಿಗ್ರಿ ದಾಟಿದ ನೀರು ಕಲ್ಲುಗಳ ಸಂದಿಯಿಂದ ಬುಳುಬುಳು ಎದ್ದು ಏಳು ಉದ್ದನೆ ಮರದ ದೋಣಿಗಳಲ್ಲಿ ಹರಿದು ಕೊನೆಗೆ ಸಣ್ಣ ಜಲಪಾತ ಆಗಿ ಬೀಳುತ್ತೆ, ಅಷ್ಟರಲ್ಲಿ ಗಾಳಿಗೆ ಸ್ವಲ್ಪ ಆರಿರುತ್ತೆ. ಹೊಲ ಅಂದ್ಮೇಲೆ ಬೆಳೆ ಇರಬೇಕಲ್ಲ, ಇದೆ. ನೀರಲ್ಲಿರೋ ಹೈಡ್ರೋಜನ್ ಸಲ್ಫೈಡ್ ಗಾಳಿಯ ಆಮ್ಲಜನಕ ಸೇರಿ ಗಂಧಕ ಆಗಿ ದೋಣಿಯ ತಳದಲ್ಲಿ ಹಳದಿ-ಬಿಳಿ ಗಸಿಯಾಗಿ ಕೂರುತ್ತೆ, ಅದನ್ನ ಆಗಾಗ ಕೆರೆದು ತೆಗೀತಾರೆ, ಯುನೋಹಾನಾ ಅಂದ್ರೆ ಬಿಸಿನೀರಿನ ಹೂವು ಅಂತ ಅದಕ್ಕೆ ಹೆಸರು. ಗಸಿಗೆ ಹೂವು ಅಂತ ಹೆಸರಿಟ್ಟವರ ರಸಿಕತೆಗೆ ಏನನ್ನೋಣ.

ದೋಣಿ ಮರದ್ದೇ ಯಾಕೆ? ಈ ನೀರಲ್ಲಿ ಕಬ್ಬಿಣದ ದಪ್ಪ ಮೊಳೆ ಹಾಕಿಟ್ರೆ ಸುಮಾರು ಹತ್ತು ದಿನದಲ್ಲಿ ಸವೆದು ತಂತಿ ಥರ ಆಗೋಗುತ್ತೆ. ಸಿಮೆಂಟಲ್ಲಿರೋ ಸುಣ್ಣದಂಶವನ್ನೂ ಆಸಿಡ್ ತಿಂದುಹಾಕುತ್ತೆ. ಮರ ಇವೆರಡಕ್ಕಿಂತ ಎಷ್ಟೋ ತಾಳಿಕೆ ಬರುತ್ತೆ. ಯುಬತಾಕೆ ಒಳಗೇ ಒಂದು ಕಡೆ ಚೌಕನೆ ಮರದ ಕಟ್ಟೆ ಇದೆ, ಎಂಟನೇ ತೋಕುಗಾವಾ ಶೋಗನ್ (ಆಗ ದೇಶ ಆಳ್ತಿದ್ದ ಸೇನಾಧಿಪತಿ) ಯೋಶಿಮುನೆಗೆ ಅಲ್ಲಿಂದಲೇ ನೀರು ತುಂಬಿಸಿ ಎದೋಗೆ, ಅಂದ್ರೆ ಈಗಿನ ಟೋಕಿಯೋಗೆ, ಸಾಗಿಸ್ತಿದ್ರಂತೆ. ಪೀಪಾಯೀಲಿ ಬೆಟ್ಟ ಇಳಿದು ಹೋಗೋ ಹೊತ್ತಿಗೆ ನೀರು ಎಷ್ಟು ಬಿಸಿ ಉಳಿದಿರುತ್ತೆ ಹೇಳಿ, ದೊಡ್ಡವರ ಶೋಕಿ.

ಪಕ್ಕದಲ್ಲೇ ನೆತ್ಸುನೋಯು ಅನ್ನೋ ಕಟ್ಟಡ. ಟಿಕೆಟ್ ತಗೊಂಡು ಒಳಗೆ ಹೋದ್ರೆ ದೊಡ್ಡ ತೊಟ್ಟಿ ಸುತ್ತ ಹೆಂಗಸರು ಸಾಲಾಗಿ ನಿಂತು ಆರಡಿ ಉದ್ದದ ಹಲಗೆಗಳಿಂದ ನೀರನ್ನ ಎಡಕ್ಕೆ ಬಲಕ್ಕೆ ತಿರುವ್ತಾ, ಹಾಡಿನ ತಾಳಕ್ಕೆ ಸರಿಯಾಗಿ ಟಪ್ ಟಪ್ ಅಂತ ಬಡೀತಾರೆ. ಯುಮೋಮಿ ಅಂತಾರೆ ಇದಕ್ಕೆ. ನಮ್ಮನೆಯವರು ಕಿವೀಲಿ "ಇಷ್ಟೆಲ್ಲಾ ಯಾಕೆ, ನಾಲ್ಕು ಬಕೆಟ್ ತಣ್ಣೀರು ಸುರಿದ್ರೆ ಆಯ್ತಲ್ಲ" ಅಂದ್ರು. ಒಳ್ಳೇ ಪ್ರಶ್ನೇನೇ, ಅಲ್ಲೇ ಕೂತು ಫೋನಲ್ಲಿ ಲೆಕ್ಕ ಹಾಕ್ದೆ.

ತೊಟ್ಟೀಲಿ ಸಾವಿರ ಲೀಟರ್ ನೀರಿದೆ, 55 ಡಿಗ್ರಿ ಇದೆ, 48ಕ್ಕೆ ಇಳಿಸಬೇಕು ಅಂತ ಇಟ್ಕೊಳ್ಳಿ. 10 ಡಿಗ್ರಿಯ ತಣ್ಣೀರು ಬೆರೆಸಿದ್ರೆ ಸುಮಾರು 185 ಲೀಟರ್ ಬೇಕಾಗುತ್ತೆ, ಅಷ್ಟರ ಮಟ್ಟಿಗೆ ನೀರು ತೆಳ್ಳಗಾಯ್ತು. ಅದೇ ನೀರನ್ನ ಬಡಿದು ಎರಚಾಡಿಸಿ ಆವಿ ಮಾಡಿದ್ರೆ? ಒಂದು ಕೆಜಿ ನೀರು ಆವಿಯಾಗೋಕೆ ಆ ಬಿಸೀಲಿ ಹತ್ರತ್ರ 2,400 ಕಿಲೋಜೂಲ್ ಶಾಖ ಬೇಕು, ಆ ಶಾಖವನ್ನ ಅದು ಉಳಿದ ನೀರಿಂದಲೇ ಕಿತ್ಕೊಂಡು ಹೋಗುತ್ತೆ. ಹಾಗಾಗಿ ಬರೀ ಹನ್ನೆರಡು ಲೀಟರ್ ಆವಿಯಾದ್ರೆ ಸಾಕು, ಇಡೀ ಸಾವಿರ ಲೀಟರ್ ಏಳು ಡಿಗ್ರಿ ಇಳಿಯುತ್ತೆ! ನೀರು ತೆಳ್ಳಗಾಗೋದಿರ್ಲಿ, ಒಂದು ಕೂದಲೆಳೆ ಗಟ್ಟಿನೇ ಆಗುತ್ತೆ. ಬಿಸಿ ಕಾಫೀನ ಎರಡು ಲೋಟದ ನಡುವೆ ಎತ್ತಿ ಹೊಯ್ಯೋ ಪ್ರತಿಯೊಬ್ಬರಿಗೂ ಈ ಫಿಸಿಕ್ಸ್ ಕೈಯಲ್ಲೇ ಇದೆ, ಹಾಲು ಸೇರಿಸಿದ್ರೂ ಆರುತ್ತೆ, ಆದ್ರೆ ಡಿಕಾಕ್ಷನ್ ಕೆಟ್ಟೋಗುತ್ತಲ್ಲ. (ನಿಜ ಹೇಳ್ಬೇಕಂದ್ರೆ ಅಷ್ಟು ತಣ್ಣೀರು ಸೇರಿಸಿದ್ರೂ ಪಿಎಚ್ ಹೆಚ್ಚೇನೂ ಬದಲಾಗಲ್ಲ, ಆ ಅಳತೆಯ ಗುಣವೇ ಹಾಗೆ, ಒಂದು ಅಂಕಿ ಮೇಲೆ ಹೋಗ್ಬೇಕಂದ್ರೆ ಹತ್ತು ಪಟ್ಟು ನೀರು ಬೇಕು. ಆದ್ರೆ ಕುಸಾತ್ಸು ಜನರ ಮುಂದೆ ಈ ಮಾತು ನಾನಂತೂ ಎತ್ತಲ್ಲ.)

ಸಂಜೆ ಶಿರಾಹತಾನೋಯು ಅನ್ನೋ ಸಾರ್ವಜನಿಕ ಸ್ನಾನದ ಮನೆಗೆ ಹೋದ್ವಿ. ಯುಬತಾಕೆ ಪಕ್ಕದಲ್ಲೇ, ದುಡ್ಡಿಲ್ಲ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಬಟ್ಟೆಯೆಲ್ಲಾ ತೆಗೀಬೇಕು, ಒಂದು ನೂಲೂ ಇರಬಾರ್ದು, ಮೊದಲ ಸಲ ನಾಚಿಕೆ ಆಗುತ್ತೆ, ಎರಡನೇ ನಿಮಿಷಕ್ಕೆ ಬಿಸಿ ನಾಚಿಕೆಯನ್ನ ಮರೆಸುತ್ತೆ. ಕಾಲಿಟ್ಟೆ, ತೆಗೆದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಒಳಗೆ ಕುತ್ತಿಗೆವರೆಗೂ ಮುಳುಗಿ ಕಣ್ಣುಮುಚ್ಚಿ ಕೂತಿದ್ದ ಒಬ್ಬ ಅಜ್ಜಿ ಹಲ್ಲು ಕಚ್ಚಿ, ಕೈಸನ್ನೇಲಿ ಅಲ್ಲಾಡಬೇಡ, ಒಂದೇ ಸಲ ಇಳಿ ಅಂದ್ರು. ಇಳಿದೆ, ಕಲ್ಲಿನ ಥರ ಕೂತೆ. ಆಶ್ಚರ್ಯ ಅಂದ್ರೆ ಹತ್ತು ಸೆಕೆಂಡಿಗೆ ಉರಿ ತಡ್ಕೊಳ್ಳೋ ಹಾಗಾಯ್ತು. ನನ್ನ ಮೈಗೆ ಅಂಟಿಕೊಂಡಿರೋ ತೆಳು ಪದರದ ನೀರು ಮೈಗೆ ಶಾಖ ಕೊಟ್ಟು ತಾನು ಸ್ವಲ್ಪ ತಣ್ಣಗಾಗಿರುತ್ತೆ, ಸುಮ್ನೆ ಕೂತಷ್ಟು ಹೊತ್ತು ಅದೇ ಒಂದು ಹೊದಿಕೆ. ಯಾರಾದ್ರೂ ಕೈಕಾಲು ಆಡಿಸಿದ್ರೆ ಹೊದಿಕೆ ಹರಿದು ಹೊಸ ಬಿಸಿನೀರು ನೇರ ಚರ್ಮಕ್ಕೆ ಬಡಿಯುತ್ತೆ. ಅಜ್ಜಿಗೆ ನನ್ನ ಮೇಲೆ ಕೋಪ ಬಂದಿದ್ದು ನ್ಯಾಯವೇ, ಅವರ ಹೊದಿಕೆಯನ್ನೂ ನಾನೇ ಎಳೆದು ಹಾಕಿದ್ದೆ.

ಇಲ್ಲಿ ಜಿಕಾನ್-ಯು ಅಂತ ಹಳೇ ಪದ್ಧತಿ ಇದೆ. ಹಿಂದೆಲ್ಲ ನೀರು 48 ಡಿಗ್ರಿ ಇರ್ತಿತ್ತು, ಮೊದಲು ತಲೆಮೇಲೆ ಮೂವತ್ತು ಚೊಂಬು ಬಿಸಿನೀರು ಸುರ್ಕೋಬೇಕಿತ್ತು, ಆಮೇಲೆ ಎಲ್ರೂ ಒಟ್ಟಿಗೆ ಇಳೀಬೇಕಿತ್ತು, ಯುಚೋ ಅನ್ನೋ ಮೇಲ್ವಿಚಾರಕರು ಸಮಯ ಕೂಗ್ತಿದ್ರು, ಮೂರು ನಿಮಿಷಕ್ಕೆ ಒಟ್ಟಿಗೆ ಮೇಲೇಳಬೇಕಿತ್ತು. ಆ ಬಿಸೀಲಿ ಹೆಚ್ಚು ಹೊತ್ತು ಇದ್ರೆ ರಕ್ತದೊತ್ತಡ ಏರುಪೇರಾಗಿ ತಲೆ ಸುತ್ತಿ ಬೀಳ್ತಾರೆ. ಒಟ್ಟಿಗೆ ಇಳಿ, ಒಟ್ಟಿಗೆ ಏಳು ಅನ್ನೋದು ಶಿಸ್ತಿನ ಹುಚ್ಚು ಅಂದ್ಕೊಂಡಿದ್ದೆ. ಅಜ್ಜಿ ಹತ್ರ ಬೈಸ್ಕೊಂಡ ಮೇಲೆ ಅರ್ಥ ಆಯ್ತು, ಮಧ್ಯದಲ್ಲಿ ಒಬ್ಬರು ಎದ್ರೆ ಉಳಿದವರೆಲ್ಲ ಬೇಯ್ತಾರೆ.

ರೋಗ ವಾಸಿಯಾಗುತ್ತಾ ಅಂದ್ರೆ, ಸ್ವಲ್ಪ ಹುಷಾರಾಗಿ ಉತ್ತರ ಕೊಡಬೇಕು. 1876ರಲ್ಲಿ ಟೋಕಿಯೋಗೆ ವೈದ್ಯಶಾಸ್ತ್ರ ಕಲಿಸೋಕೆ ಬಂದ ಜರ್ಮನ್ ಡಾಕ್ಟರ್ ಎರ್ವಿನ್ ಬೆಲ್ಜ್ ಈ ನೀರನ್ನೂ ಬೆಟ್ಟದ ಗಾಳಿಯನ್ನೂ ಹೊಗಳಿ ಹೊರದೇಶಕ್ಕೆಲ್ಲಾ ಪರಿಚಯ ಮಾಡಿದ್ರು, ಅವರ ಹುಟ್ಟೂರು ಇವತ್ತಿಗೂ ಕುಸಾತ್ಸುವಿನ ಸೋದರ ನಗರ. ಆಮೇಲೆ ಗುನ್ಮಾ ವಿಶ್ವವಿದ್ಯಾಲಯದ ವೈದ್ಯರು ಎಟೋಪಿಕ್ ಡರ್ಮಟೈಟಿಸ್ ಅನ್ನೋ ತುರಿಕೆಯ ಚರ್ಮರೋಗ ಇರೋರನ್ನ ಈ ನೀರಲ್ಲಿ ಸ್ನಾನ ಮಾಡಿಸಿ ನೋಡಿದ್ರು. ಅಂಥವರ ಚರ್ಮದಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಮನೆ ಮಾಡಿರುತ್ತೆ, ಆಸಿಡ್ ಜೊತೆ ನೀರಲ್ಲಿರೋ ಮ್ಯಾಂಗನೀಸ್, ಅಯೋಡೈಡ್ ಸೇರಿ ಅದನ್ನ ಕೊಲ್ಲುತ್ತೆ ಅಂತ ಅವರು ಕಂಡ್ಕೊಂಡ್ರು. ಇದು ನಂಬೋ ಮಾತು. ಎಲ್ಲಾ ರೋಗಕ್ಕೂ ರಾಮಬಾಣ ಅನ್ನೋದು ಅಂಗಡಿಯವರ ಮಾತು.

ಆ ನಂಬಿಕೆ ಹಿಂದೆ ಒಂದು ಕಹಿ ಕಥೆನೂ ಇದೆ. ಕುಷ್ಠರೋಗಿಗಳು ವಾಸಿಯಾಗುತ್ತೆ ಅಂತ ದೇಶದ ಮೂಲೆಮೂಲೆಯಿಂದ ಇಲ್ಲಿಗೆ ಬರ್ತಿದ್ರು, ಅವರನ್ನ ಊರಂಚಿನ ಯುನೋಸಾವಾ ಅನ್ನೋ ಕೇರಿಗೆ ಸರಿಸಿದ್ರು, 1932ರಲ್ಲಿ ಕುರಿಯು ರಾಕುಸೆನ್‌ಎನ್ ಅನ್ನೋ ಸರ್ಕಾರಿ ಆಸ್ಪತ್ರೆ ಕಟ್ಟಿ ಅಲ್ಲಿಗೆ ಸೇರಿಸೋಕೆ ಶುರು ಮಾಡಿದ್ರು. ಅದರೊಳಗೆ 1938ರಿಂದ 1947ರವರೆಗೆ "ಮಾತು ಕೇಳದ" ರೋಗಿಗಳಿಗೆ ಕತ್ತಲೆ ಸೆರೆಮನೆ ಇತ್ತು, ಚಳಿಗಾಲದಲ್ಲಿ ಬೆಂಕಿಯೂ ಇಲ್ಲ. 93 ಜನರನ್ನ ಹಾಕಿದ್ರು, 23 ಜನ ಸತ್ರು. ಔಷಧಿ ಬಂದು ದಶಕಗಳಾದ್ರೂ ಪ್ರತ್ಯೇಕವಾಗಿಡೋ ಕಾನೂನು ಹೋಗಿದ್ದು 1996ಕ್ಕೆ. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಯುಬತಾಕೆ ಮುಂದೆ ಸೆಲ್ಫಿ ತಗೊಳ್ಳೋರಲ್ಲಿ ಅಲ್ಲಿಗೆ ಹೋಗೋರು ಕಮ್ಮಿ.

ಭಾನುವಾರ ಬೆಳಿಗ್ಗೆ ಸಾಯ್‌ನೋಕಾವಾರಾ ಪಾರ್ಕಲ್ಲಿ ನಡೀತಾ ಬಿಸಿನೀರಿನ ತೊರೆ ನೋಡಿದ್ವಿ, ಕಲ್ಲುಗಳ ಮೇಲೆ ಗಿಣಿಹಸಿರು ಪಾಚಿ. ಇಂಥ ನೀರಲ್ಲಿ ಬೆಳೆಯೋ ಸಯನಿಡಿಯಂ ಜಾತಿಯ ಜೀವಿ ಅದು, ನೋಡೋಕೆ ಹಸಿರಾದ್ರೂ ವಂಶ ಕೆಂಪು ಪಾಚಿಯದ್ದು. ಸರಿ, ಇಷ್ಟೆಲ್ಲಾ ಆಸಿಡ್ ಊರು ದಾಟಿ ಎಲ್ಲಿಗೆ ಹೋಗುತ್ತೆ? ಹೊಳೆಗೆ. ಕೆಳಗಿನ ಅಗಾತ್ಸುಮಾ ನದಿಗೆ ಒಂದು ಕಾಲದಲ್ಲಿ ಸಾವಿನ ನದಿ ಅಂತಲೇ ಹೆಸರು, ಮೀನಿಲ್ಲ, ಗದ್ದೆಗೆ ಬಿಟ್ರೆ ಪೈರು ಕೆಡುತ್ತೆ, ಸೇತುವೆ ಕಟ್ಟಿದ್ರೆ ಕಂಬವನ್ನೇ ತಿನ್ನುತ್ತೆ. 1964ರಲ್ಲಿ ಒಂದು ಕಾರ್ಖಾನೆ ಶುರು ಮಾಡಿದ್ರು, ಅದು ಏನನ್ನೂ ತಯಾರಿಸಲ್ಲ, ಸುಣ್ಣದಕಲ್ಲಿನ ಪುಡಿಯನ್ನ ನೀರಲ್ಲಿ ಕಲಸಿ ಹಾಲಿನಂತೆ ಮಾಡಿ ಹೊಳೆಗೆ ಸುರಿಯುತ್ತೆ ಅಷ್ಟೆ, ದಿನಕ್ಕೆ ಐವತ್ತು ಅರವತ್ತು ಟನ್, ಹಗಲು ರಾತ್ರಿ ಹಬ್ಬ ಹರಿದಿನ ಅನ್ನದೆ. ಸೇತುವೆ ಮೇಲೆ ನಿಂತು ನೋಡಿದ್ರೆ ನೀಲಿ ಹೊಳೆಗೆ ಬಿಳಿ ಧಾರೆ ಸೇರ್ತಾ ಇರುತ್ತೆ, ಅಲ್ಲೇ ಆಸಿಡ್ ಸತ್ತು ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಕೆಳಗಡೆ 1965ರಲ್ಲಿ ಕಟ್ಟಿದ ಶಿನಾಕಿ ಡ್ಯಾಮಲ್ಲಿ ಗಸಿ ಕೂರುತ್ತೆ, ನೀರಲ್ಲಿದ್ದ ಆರ್ಸೆನಿಕ್ ಕೂಡ ಕಬ್ಬಿಣದ ಜೊತೆ ಅಂಟ್ಕೊಂಡು ಅಲ್ಲೇ ತಳ ಸೇರುತ್ತೆ, ಹಾಗಾಗಿ ಆ ಹೂಳು ತೆಗೆದು ಎಲ್ಲಿ ಹಾಕೋದು ಅನ್ನೋದೇ ಇನ್ನೊಂದು ತಲೆನೋವು. ನದಿಯಲ್ಲಿ ಇನ್ನೂ ಕೆಳಗೆ 2020ರಲ್ಲಿ ಮುಗಿದ ದೊಡ್ಡ ಯಾಂಬಾ ಡ್ಯಾಮ್ ಇದೆ, ಈ ಸುಣ್ಣ ಇಲ್ದಿದ್ರೆ ಅಲ್ಲಿ ಕಾಂಕ್ರೀಟ್ ಹಾಕೋ ಮಾತೇ ಇರ್ತಿರ್ಲಿಲ್ಲ. ಯುಮೋಮಿ ನೋಡೋಕೆ ಟಿಕೆಟ್ ಇಟ್ಟವರು ಈ ಸುಣ್ಣದ ಕಾರ್ಖಾನೆಯನ್ನೂ ಟೂರಿಸ್ಟ್ ಮ್ಯಾಪಲ್ಲಿ ದೊಡ್ಡದಾಗಿ ಹಾಕ್ಬೇಕಿತ್ತು ಅಂತ ನನ್ನ ತಕರಾರು.

ವಾಪಸ್ ಬಸ್ಸಲ್ಲಿ ಶೂ ಬಿಚ್ಚಿ ಕಾಲು ಚಾಚಿದಾಗ ನೋಡಿದ್ದು, ಕಾಲುಂಗುರ ಇದ್ದಲು ಬಣ್ಣಕ್ಕೆ ತಿರುಗಿದೆ. ಬಟ್ಟೆ ಬಿಚ್ಚಿದ್ರೂ ಅದನ್ನ ತೆಗೆಯೋದು ಹೊಳೆದೇ ಇರ್ಲಿಲ್ಲ. ಬೆಳ್ಳಿಯನ್ನ ಕಪ್ಪು ಮಾಡೋದು ಆಸಿಡ್ ಅಲ್ಲ, ಅದೇ ಕೊಳೆತ ಮೊಟ್ಟೆಯ ಗ್ಯಾಸು, ಗಂಧಕ ಹೋಗಿ ಬೆಳ್ಳಿ ಹಿಡ್ಕೊಂಡು ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತೆ. ರಾತ್ರಿ ವೀಡಿಯೋ ಕಾಲಲ್ಲಿ ಅಮ್ಮಂಗೆ ತೋರಿಸ್ದೆ. "ಅಯ್ಯೋ, ಹೀಗಾಗೋಕೆ ಬಿಟ್ಯಲ್ಲೇ, ವಿಭೂತಿ ಹಾಕಿ ಉಜ್ಜು ಮೊದ್ಲು" ಅಂದ್ರು. ಉಜ್ಜಿದ್ರೆ ಹೋಗುತ್ತೆ, ಆದ್ರೆ ಕಪ್ಪಿನ ಜೊತೆ ಅದರಲ್ಲಿ ಸೇರಿರೋ ಬೆಳ್ಳಿಯೂ ಚೂರು ಸವೆದು ಹೋಗುತ್ತೆ. ಅಮ್ಮ ಫೋನಿಟ್ಟ ಮೇಲೆ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಕಾಲುಂಗುರ ಫಾಯಿಲ್‌ಗೆ ತಾಗೋ ಹಾಗೆ ಇಟ್ಟು, ಎರಡು ಚಮಚ ಅಡುಗೆ ಸೋಡಾ ಉದುರಿಸಿ, ಕುದಿಯೋ ನೀರು ಹೊಯ್ದೆ. ಅಲ್ಯೂಮಿನಿಯಂ ಎಲೆಕ್ಟ್ರಾನ್ ಕೊಟ್ಟು ಬೆಳ್ಳಿಯನ್ನ ಬೆಳ್ಳಿಯಾಗೇ ಉಳಿಸುತ್ತೆ, ಗಂಧಕ ಮಾತ್ರ ಬಿಟ್ಟು ಹೋಗುತ್ತೆ.

ನೊರೆ ಎದ್ದು, ಕಪ್ಪು ಕರಗ್ತಾ ಬಂತು. ಹಾಲಲ್ಲಿ ಟಿವಿ ನೋಡ್ತಿದ್ದ ನಮ್ಮನೆಯವರು ಮೂಗು ಸೊಟ್ಟ ಮಾಡ್ಕೊಂಡು ಅಡುಗೆಮನೆಗೆ ಬಂದು, "ಮೊಟ್ಟೆ ಏನಾದ್ರೂ ಕೆಟ್ಟಿದ್ಯಾ?" ಅಂದ್ರು.