ಒಂದು ಅಕ್ಷರದ ಅಂತರ: ತ್ರಿತ್ವದ ಸಿದ್ಧಾಂತ ರೂಪುಗೊಂಡ ಬಗೆ

ದೇವರು ಒಬ್ಬನೇ, ಆ ಒಬ್ಬನಲ್ಲೇ ತಂದೆ, ಮಗ (ಅಂದರೆ ಯೇಸು ಕ್ರಿಸ್ತ), ಪವಿತ್ರಾತ್ಮ ಎಂಬ ಮೂವರಿದ್ದಾರೆ ಎಂಬುದು ಕ್ರೈಸ್ತರ ಮೂಲಭೂತ ನಂಬಿಕೆ. ಆದರೂ 'ತ್ರಿತ್ವ' ಎಂಬ ಪದ ಬೈಬಲ್‌ನಲ್ಲಿ ಎಲ್ಲಿಯೂ ಇಲ್ಲ. ಈ ಮೂವರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಬೇಕೆಂಬ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಮೂವರ ನಡುವಿನ ಸಂಬಂಧ ಎಂಥದೆಂಬ ವಿವರಣೆ ಅಲ್ಲಿಲ್ಲ. ಲ್ಯಾಟಿನ್‌ನಲ್ಲಿ ಇದಕ್ಕೊಂದು ಪದವನ್ನು ರೂಢಿಗೆ ತಂದವನು 3ನೇ ಶತಮಾನದ ಆರಂಭದಲ್ಲಿ ಬರೆಯುತ್ತಿದ್ದ ಕಾರ್ಥೇಜಿನ ತೆರ್ತುಲಿಯನ್.

ಪ್ರಶ್ನೆ ಹೊತ್ತಿಕೊಂಡದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಮಗನೂ ತಂದೆಯಿಂದ ಸೃಷ್ಟಿಯಾದವನೇ, ಅವನಿಲ್ಲದ ಒಂದು ಸ್ಥಿತಿ ಇತ್ತು ಎಂದು ಅಲ್ಲಿನ ಪಾದ್ರಿ ಆರಿಯಸ್ ಬೋಧಿಸಿದ. ದೇವರ ಏಕತ್ವವನ್ನು ಕಾಪಾಡಬೇಕೆಂಬುದು ಅವನ ಪ್ರಾಮಾಣಿಕ ಕಾಳಜಿಯಾಗಿತ್ತೆಂದೇ ನನ್ನ ಭಾವನೆ. ಆದರೆ ಸೃಷ್ಟಿಯಾದವನನ್ನು ಆರಾಧಿಸುವುದು ಹೇಗೆ, ಅಂಥವನು ಬೇರೆ ಸೃಷ್ಟಿಗಳನ್ನು ರಕ್ಷಿಸುವುದು ಹೇಗೆ ಎಂಬ ಎದುರಾಳಿಗಳ ಪ್ರಶ್ನೆಯೂ ಅಷ್ಟೇ ಗಂಭೀರವಾಗಿತ್ತು.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆದ ನೈಸಿಯಾ ಸಭೆ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ, ಮಗನು ತಂದೆಯೊಂದಿಗೆ 'ಹೊಮೊಊಸಿಯೊಸ್', ಎಂದರೆ ಒಂದೇ ಸತ್ವದವನು, ಎಂದು ಘೋಷಿಸಿತು. ವಿವಾದ ಅಲ್ಲಿಗೆ ಮುಗಿಯಲಿಲ್ಲ. 'ಹೊಮೊಯೂಸಿಯೊಸ್' ಎಂದರೆ ಸಾಕು ಎಂದು ಮುಂದೆ ಕೆಲವರು ವಾದಿಸಿದರು. ಗ್ರೀಕ್‌ನಲ್ಲಿ 'ಅಯೋಟಾ' ಎಂಬ ಒಂದೇ ಅಕ್ಷರ ಸೇರಿದರೆ 'ಅದೇ ಸತ್ವ' ಎಂಬುದು 'ಅಂಥದೇ ಸತ್ವ' ಆಗುತ್ತದೆ. ನೈಸಿಯಾದ ಪಕ್ಷ ಹಿಡಿದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಐದು ಬಾರಿ ಗಡಿಪಾರಾದ. ಚಿಂತನೆ ಬಿಷಪ್‌ಗಳ ಸಭೆಯನ್ನು ದಾಟಿ ಬೀದಿಗೂ ಇಳಿದಿತ್ತು: ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್) ರೊಟ್ಟಿಯ ಬೆಲೆ ಕೇಳಿದರೆ 'ತಂದೆ ದೊಡ್ಡವನು, ಮಗ ಅವನಿಗೆ ಅಧೀನ' ಎಂಬ ಉತ್ತರ ಬರುತ್ತದೆ, ಸ್ನಾನಕ್ಕೆ ನೀರು ಸಿದ್ಧವಾಯಿತೇ ಎಂದರೆ 'ಮಗ ಶೂನ್ಯದಿಂದ ಬಂದವನು' ಎನ್ನುತ್ತಾರೆ ಎಂದು ನಿಸ್ಸಾದ ಬಿಷಪ್ ಗ್ರೆಗರಿ ಬೇಸರದಿಂದ ಹೇಳಿದ್ದಾನೆ.

ದಾರಿ ತೋರಿಸಿದವರೂ ಈ ಗ್ರೆಗರಿ, ಅವನ ಅಣ್ಣ ಬೆಸಿಲ್ ಮತ್ತು ಅವರ ಗೆಳೆಯನಾದ ನಾಜಿಯಾನ್ಸಸ್‌ನ ಗ್ರೆಗರಿ. ಸತ್ವ ಒಂದು, ವ್ಯಕ್ತಿಗಳು ಮೂವರು ಎಂದು ಎರಡು ಪದಗಳ ಅರ್ಥವನ್ನು ಅವರು ಬೇರ್ಪಡಿಸಿದ್ದರಿಂದ, ಒಬ್ಬರು 'ಮೂರು' ಎಂದೊಡನೆ ಇನ್ನೊಬ್ಬರಿಗೆ 'ಮೂರು ದೇವರು' ಎಂದು ಕೇಳಿಸುತ್ತಿದ್ದ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು. ನೈಸಿಯಾದ ವಿಶ್ವಾಸಪ್ರಮಾಣ, ಅಂದರೆ ಆ ಸಭೆ ಒಪ್ಪಿದ ನಂಬಿಕೆಯ ಹೇಳಿಕೆ, ಪವಿತ್ರಾತ್ಮನ ಹೆಸರನ್ನಷ್ಟೇ ಹೇಳಿ ನಿಂತಿತ್ತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಉಳಿದುಬಂದಿರುವ ವಿಶ್ವಾಸಪ್ರಮಾಣವಾದರೋ ಪವಿತ್ರಾತ್ಮನು ತಂದೆಯಿಂದ ಹೊರಡುವವನೆಂದೂ ತಂದೆ ಮತ್ತು ಮಗನೊಂದಿಗೆ ಆರಾಧಿಸಲ್ಪಡುವವನೆಂದೂ ಹೇಳುತ್ತದೆ. ಪಶ್ಚಿಮದ ಲ್ಯಾಟಿನ್ ಚರ್ಚಿನವರು ಮುಂದೆ ಅದಕ್ಕೆ 'ಮಗನಿಂದಲೂ' ಎಂಬ ಪದವನ್ನು ಸೇರಿಸಿದರು. ಪೂರ್ವ ಮತ್ತು ಪಶ್ಚಿಮದ ಚರ್ಚುಗಳ ನಡುವಿನ 1054ರ ಬಿರುಕಿಗೆ ಕಾರಣವಾದ ವಿಷಯಗಳಲ್ಲಿ ಅದೂ ಒಂದು, ಮತ್ತು ಪೂರ್ವದ ಆರ್ಥಡಾಕ್ಸ್ ಚರ್ಚುಗಳು ಇಂದಿಗೂ ಆ ಪದವನ್ನು ಉಚ್ಚರಿಸುವುದಿಲ್ಲ.