ಮುಗಿದ ಸಿಟ್‌ಕಾಮ್ ಮತ್ತೆ ಶುರುವಾಗುವುದು ಹೇಗೆ? ಒಂದು ಗಂಟಿನ ಲೆಕ್ಕ

ಹಳೆಯ ಸಿಟ್‌ಕಾಮ್‌ಗಳು, ಅಂದರೆ ಟಿವಿಯ ನಗೆ ಧಾರಾವಾಹಿಗಳು, ವರ್ಷಗಳ ನಂತರ ಮತ್ತೆ ಬರುತ್ತವಲ್ಲ, ಅವುಗಳನ್ನು ಚಿತ್ರಕಥೆಯ ಕಣ್ಣಿನಿಂದ ನೋಡುತ್ತಾ ಕೂತಿದ್ದೆ. ಒಂದು ಕಡೆ ಬಲವಾಗಿ ಸಿಕ್ಕಿಹಾಕಿಕೊಂಡೆ. ಈಗ ಅದು ಬಿಡಿಸಿಕೊಂಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಬರವಣಿಗೆ ಕಲಿಯುತ್ತಿರುವವರಿಗೂ ಉಪಯೋಗವಾಗಲಿ.

ಮೊದಲು ಪದಗಳು

ರಿವೈವಲ್ ಅಂದರೆ ಅದೇ ಪಾತ್ರಗಳು, ಬಹುಪಾಲು ಅದೇ ನಟರು, ಕಥೆ ಮುಂದಕ್ಕೆ. ರೀಬೂಟ್ ಅಂದರೆ ಐಡಿಯಾ ಹಳೆಯದು, ಜನ ಹೊಸಬರು. 1975ರಲ್ಲಿ ಶುರುವಾದ ‘ಒನ್ ಡೇ ಅಟ್ ಎ ಟೈಮ್’ 2017ರಲ್ಲಿ ಕ್ಯೂಬಾ ಮೂಲದ ಅಮೆರಿಕನ್ ಕುಟುಂಬದ ಕಥೆಯಾಗಿ ಬಂತು. ಅದು ರೀಬೂಟ್. ಸ್ಪಿನ್‌ಆಫ್ ಅಂದರೆ ಒಂದು ಪಾತ್ರ ಎದ್ದು ಹೋಗಿ ಬೇರೆ ಮನೆ ಹೂಡುವುದು. ‘ಚಿಯರ್ಸ್’ ಎಂಬ ಶೋನ ಬಾರಿನಲ್ಲಿ ಕೂರುತ್ತಿದ್ದ ಫ್ರೇಜಿಯರ್ 1993ರಲ್ಲಿ ತನ್ನದೇ ಶೋ ಮಾಡಿಕೊಂಡ ಹಾಗೆ. ಇಲ್ಲಿ ಬರೆಯುತ್ತಿರುವುದು ರಿವೈವಲ್ ಬಗ್ಗೆ ಮಾತ್ರ.

ನಾನು ಎಡವಿದ ಜಾಗ

‘ವಿಲ್ ಅಂಡ್ ಗ್ರೇಸ್’ 1998ರಿಂದ 2006ರವರೆಗೆ ಎಂಟು ಸೀಸನ್ ನಡೆಯಿತು. ನ್ಯೂಯಾರ್ಕಿನ ಒಂದು ಫ್ಲ್ಯಾಟ್. ಅದರಲ್ಲಿ ವಿಲ್ ಎಂಬ ಗೇ ವಕೀಲ, ಅವನ ಜೀವದ ಗೆಳತಿ ಗ್ರೇಸ್. ಕೊನೆಯ ಕಂತಿನಲ್ಲಿ ಇಬ್ಬರೂ ಮುನಿಸಿಕೊಂಡು ವರ್ಷಗಟ್ಟಲೆ ದೂರವಾಗುತ್ತಾರೆ. ಇಬ್ಬರಿಗೂ ಸಂಸಾರ, ಒಂದೊಂದು ಮಗು. ಆ ಮಕ್ಕಳು ದೊಡ್ಡವರಾಗಿ ಕಾಲೇಜಿನಲ್ಲಿ ಭೇಟಿಯಾಗುತ್ತಾರೆ. ಹಾಗೆ ಹಳೆಯ ಗೆಳೆತನ ಮತ್ತೆ ಕೂಡಿಕೊಳ್ಳುತ್ತದೆ.

ಹನ್ನೊಂದು ವರ್ಷದ ನಂತರ, 2017ರಲ್ಲಿ, ಶೋ ವಾಪಸ್ ಬಂತು. ಮೊದಲ ದೃಶ್ಯದಲ್ಲೇ ಇದೆಲ್ಲ ಕ್ಯಾರೆನ್ ಎಂಬ ಪಾತ್ರ ಕಂಡ ಕನಸು ಅಂತ ತಳ್ಳಿಹಾಕಿಬಿಟ್ಟರು. ಮಕ್ಕಳೂ ಇಲ್ಲ, ಏನೂ ಇಲ್ಲ. ಗ್ರೇಸ್‌ಗೆ ವಿಚ್ಛೇದನವಾಗಿದೆ, ವಿಲ್ ಮನೆಗೆ ಬಂದು ಇದ್ದಾಳೆ.

ನನಗೆ ಸಿಟ್ಟು ಬಂತು. ಆ ಕೊನೆಯ ಕಂತು ನೋಡಿ ಅತ್ತವರಿಗೆ ಏನು ಹೇಳಿದ ಹಾಗಾಯಿತು? ಬರೆಯುವವರ ಸೋಮಾರಿತನ ಅಂದುಕೊಂಡು ‘ರೋಸ್ಯಾನ್’ ತೆಗೆದೆ. ಅಲ್ಲೂ ಅದೇ ಕಥೆ! 1997ರ ಕೊನೆಯ ಕಂತಿನಲ್ಲಿ ನಾಯಕಿ ರೋಸ್ಯಾನ್‌ಳ ಗಂಡ ಡ್ಯಾನ್ ಹೃದಯಾಘಾತದಿಂದ ಸತ್ತಿದ್ದ ಅಂತ ತಿಳಿಯುತ್ತದೆ. ಮನೆಯವರು ಲಾಟರಿ ಗೆದ್ದದ್ದು ರೋಸ್ಯಾನ್ ಬರೆದುಕೊಂಡ ಕಲ್ಪನೆ ಅಂತಲೂ ತಿಳಿಯುತ್ತದೆ. 2018ರಲ್ಲಿ ನೋಡಿದರೆ ಡ್ಯಾನ್ ಮೂಗಿಗೆ ಉಸಿರಾಟದ ಮಾಸ್ಕ್ ಹಾಕಿಕೊಂಡು ಹಾಸಿಗೆಯಲ್ಲಿ ಮಲಗಿದ್ದಾನೆ.

ಬೇರೆ ಬೇರೆ ಬರಹಗಾರರು, ಬೇರೆ ಚಾನೆಲ್, ಆದರೆ ತಪ್ಪು ಒಂದೇ. ಹಾಗಾದರೆ ಅದು ತಪ್ಪಲ್ಲ, ಅದಕ್ಕೊಂದು ಕಾರಣ ಇರಬೇಕು ಅಲ್ವಾ? ಆ ಕಾರಣ ‘ಸಿಚುಯೇಶನ್ ಕಾಮಿಡಿ’ ಅನ್ನುವ ಸಿಟ್‌ಕಾಮ್‌ನ ಪೂರ್ತಿ ಹೆಸರಿನಲ್ಲೇ ಇತ್ತು. ಆ ಹೆಸರನ್ನು ನೂರು ಸಲ ಹೇಳಿದ್ದೇನೆ. ಮೊದಲ ಪದವನ್ನು, ಅಂದರೆ ‘ಸನ್ನಿವೇಶ’ವನ್ನು, ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇರೆ ಧಾರಾವಾಹಿಗಳಲ್ಲಿ ಕಥೆ ಮುಂದೆ ಹೋಗುತ್ತದೆ. ಸಿಟ್‌ಕಾಮ್‌ನಲ್ಲಿ ಕಥೆ ಮನೆಗೆ ವಾಪಸ್ ಬರುತ್ತದೆ. ಒಂದು ಕಂತು ಅಂದರೆ ಸುಮಾರು 22 ನಿಮಿಷ. ಅಷ್ಟರಲ್ಲಿ ಏನೇ ರಂಪ ಆಗಲಿ, ಕೊನೆಗೆ ಎಲ್ಲರೂ ಅದೇ ಸೋಫಾದ ಮೇಲೆ ಕೂತಿರುತ್ತಾರೆ. ಮುಂದಿನ ವಾರ ಅಲ್ಲಿಂದಲೇ ಶುರು. ಇದು ನಡೆಯಬೇಕಾದರೆ ಆ ಜನರ ನಡುವೆ ಬಿಚ್ಚದ ಒಂದು ಗಂಟು ಇರಬೇಕು. ಒಬ್ಬರಿಗೊಬ್ಬರು ಸರಿಹೋಗುವುದಿಲ್ಲ, ಆದರೆ ಬಿಟ್ಟುಹೋಗಲೂ ಆಗುವುದಿಲ್ಲ. ನಗು ಹುಟ್ಟುವುದು ಅಲ್ಲಿಂದ.

ಈಗ ಕೊನೆಯ ಕಂತನ್ನು ನೋಡಿ. ಪ್ರೇಕ್ಷಕರಿಗೆ ಸಮಾಧಾನ ಕೊಡಬೇಕು. ಹಾಗಾಗಿ ಮದುವೆ, ಮಗು, ಬೇರೆ ಊರು, ಸಾವು, ಏನೋ ಒಂದು ಬರುತ್ತದೆ. ಅಂದರೆ ಇಷ್ಟು ವರ್ಷ ಜೋಪಾನ ಮಾಡಿದ ಗಂಟನ್ನು ಕೊನೆಯ ಕಂತು ಬಿಚ್ಚುತ್ತದೆ. ಅದೇ ಅದರ ಕೆಲಸ. ಕೊನೆ ಚೆನ್ನಾಗಿದ್ದಷ್ಟೂ ಗಂಟು ಪೂರ್ತಿ ಬಿಚ್ಚಿರುತ್ತದೆ.

ಆದ್ದರಿಂದ ರಿವೈವಲ್ ಬರೆಯುವವರ ಮೊದಲ ಕೆಲಸ ಕಥೆ ಮುಂದುವರಿಸುವುದು ಅಲ್ಲ, ಬಿಚ್ಚಿದ ಗಂಟನ್ನು ಮತ್ತೆ ಹಾಕುವುದು. ವಿಲ್ ಮತ್ತು ಗ್ರೇಸ್ ಒಂದೇ ಫ್ಲ್ಯಾಟಿನಲ್ಲಿ ಇಲ್ಲದಿದ್ದರೆ ಆ ಶೋ ಇಲ್ಲ. ಅವರನ್ನು ಅಲ್ಲಿಗೆ ತರಬೇಕಾದರೆ 2006ರ ಕೊನೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಕನಸು. ಈಗ ನನಗೆ ಸಿಟ್ಟಿಲ್ಲ. ಆದರೆ ಕನಸಿಗಿಂತ ಒಳ್ಳೆಯ ದಾರಿ ಹುಡುಕಬಹುದಿತ್ತು ಅಂತ ಇನ್ನೂ ಅನಿಸುತ್ತದೆ.

ನನ್ನ ಒಂದು ಸಾಲಿನ ಪ್ರಶ್ನೆ

ಯಾವ ಶೋ ನೋಡಿದರೂ ಇದನ್ನು ಕೇಳಿಕೊಳ್ಳಿ: ಇಲ್ಲಿ ಯಾರು ಯಾರ ಜೊತೆ ಇದ್ದಾರೆ, ಯಾಕೆ ಬಿಟ್ಟುಹೋಗೋಕೆ ಆಗಲ್ಲ? ಉತ್ತರ ಒಂದು ವಾಕ್ಯದಲ್ಲಿ ಬಂದರೆ ಗಂಟು ಸಿಕ್ಕಿತು.

‘ಫುಲ್ ಹೌಸ್’ನಲ್ಲಿ ಹೆಂಡತಿ ಸತ್ತ ಅಪ್ಪ ಮೂರು ಹೆಣ್ಣುಮಕ್ಕಳನ್ನು ಭಾವಮೈದುನ ಮತ್ತು ಗೆಳೆಯನ ಜೊತೆ ಸೇರಿ ಸಾಕುತ್ತಾನೆ. 2016ರ ‘ಫುಲ್ಲರ್ ಹೌಸ್’ನಲ್ಲಿ ಅದೇ ಮನೆಯ ದೊಡ್ಡ ಮಗಳು ಗಂಡನನ್ನು ಕಳೆದುಕೊಂಡು ಮೂರು ಗಂಡುಮಕ್ಕಳನ್ನು ತಂಗಿ ಮತ್ತು ಗೆಳತಿಯ ಜೊತೆ ಸೇರಿ ಸಾಕುತ್ತಾಳೆ. ಗಂಟು ಅದೇ. ಅಚ್ಚು ಒತ್ತಿದ ಹಾಗಿದೆ, ನನಗೆ ಸ್ವಲ್ಪ ಜಾಸ್ತಿಯೇ ಅನಿಸಿತು.

ಇದೇ ಕೆಲಸವನ್ನು ‘ಫ್ರೇಜಿಯರ್’ ಇನ್ನೂ ಸೂಕ್ಷ್ಮವಾಗಿ ಮಾಡಿದೆ. ನನ್ನ ಮೆಚ್ಚಿನ ಉದಾಹರಣೆ ಇದು. ಹಳೆಯ ಶೋನಲ್ಲಿ ಗಂಟು ಹೀಗಿತ್ತು: ನಾಜೂಕು ಮನಸ್ಸಿನ ಮನೋವೈದ್ಯ ಮಗ, ಗುಂಡೇಟು ತಿಂದು ನಿವೃತ್ತನಾದ ಪೊಲೀಸ್ ಅಪ್ಪ, ಇಬ್ಬರಿಗೂ ಒಂದೇ ಮನೆ. ಅಪ್ಪನ ಪಾತ್ರ ಮಾಡಿದ ಜಾನ್ ಮಹೋನಿ 2018ರಲ್ಲಿ ತೀರಿಕೊಂಡರು. ತಮ್ಮ ನೈಲ್ಸ್ ಪಾತ್ರದ ಡೇವಿಡ್ ಹೈಡ್ ಪಿಯರ್ಸ್ ಮತ್ತೆ ಬರಲು ಒಪ್ಪಲಿಲ್ಲ. ಎರಡು ಕಂಬ ಹೋದ ಮೇಲೆ ಮನೆ ನಿಲ್ಲುವುದು ಹೇಗೆ?

2023ರಲ್ಲಿ ಅವರು ಗಂಟನ್ನು ತಿರುವಿ ಹಾಕಿದರು. ಈಗ ಫ್ರೇಜಿಯರ್ ಅಪ್ಪ. ಮಗ ಫ್ರೆಡ್ಡಿ ಹಾರ್ವರ್ಡ್ ಬಿಟ್ಟು ಅಗ್ನಿಶಾಮಕ ದಳ ಸೇರಿದ್ದಾನೆ. ತಾತನ ಹಾಗೆ ನೇರ ಮಾತು, ಮೈಮುರಿಯುವ ಕೆಲಸ. ಮತ್ತೆ ಒಂದೇ ಮನೆ. ಹತ್ತೊಂಬತ್ತು ವರ್ಷ ಕಳೆದದ್ದು ಇಲ್ಲಿ ಅಡ್ಡಿಯಾಗಲಿಲ್ಲ, ಅದೇ ಕಥೆಯ ಬಂಡವಾಳವಾಯಿತು. 2004ರ ಕೊನೆಯ ಕಂತಿನಲ್ಲಿ ಹುಟ್ಟಿದ ನೈಲ್ಸ್‌ನ ಮಗ ಡೇವಿಡ್ ಈಗ ಕಾಲೇಜು ಹುಡುಗ! ಕೊನೆಯನ್ನು ಅಳಿಸದೆ ಗಂಟು ಹಾಕಿದ ಜಾಣತನ ಅದು. ಶೋ ಎರಡೇ ಸೀಸನ್‌ಗೆ ನಿಂತಿತು, ನಿಜ. ಗಂಟು ಸರಿಯಿದ್ದ ಮಾತ್ರಕ್ಕೆ ಶೋ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ.

ಹಿಂದಿಯ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ಗೆ ಈ ಕಷ್ಟ ಕಡಿಮೆ ಇತ್ತು. 2017ರಲ್ಲಿ ಬಂದಾಗ ಕಥೆ ಏಳು ವರ್ಷ ಹಾರಿತು. ಆದರೆ ಅತ್ತೆ ಮಾಯಾ, ಸೊಸೆ ಮೊನಿಷಾ ನಡುವಿನ ಗಂಟನ್ನು ಕಾಲ ಬಿಚ್ಚುವಂತಿಲ್ಲ.

ನಾಯಕಿ ಹೋದರೂ ಗಂಟು ಉಳಿದದ್ದು

ಮತ್ತೆ ‘ರೋಸ್ಯಾನ್’ಗೆ ಬರುತ್ತೇನೆ. ರಿವೈವಲ್‌ನ ಮೊದಲ ರಾತ್ರಿಯೇ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಎರಡು ತಿಂಗಳಲ್ಲಿ, ನಾಯಕಿಯ ಪಾತ್ರ ಮಾಡುತ್ತಿದ್ದ ರೋಸ್ಯಾನ್ ಬಾರ್ ಮಾಡಿದ ಒಂದು ಜನಾಂಗೀಯ ನಿಂದನೆಯ ಟ್ವೀಟ್‌ನಿಂದ ಎಬಿಸಿ ಚಾನೆಲ್ ಶೋ ನಿಲ್ಲಿಸಿತು. ಅಲ್ಲಿಗೆ ಮುಗಿಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಮನೆಯವರ ಕಥೆಯಾಗಿ ‘ದ ಕಾನರ್ಸ್’ ಬಂತು. ರೋಸ್ಯಾನ್ ಪಾತ್ರ ನೋವಿನ ಮಾತ್ರೆಯ ಮಿತಿಮೀರಿದ ಸೇವನೆಯಿಂದ ಸತ್ತಿದ್ದಾಳೆ. ಮಿಕ್ಕವರೆಲ್ಲ ಇದ್ದಾರೆ. ಅದು 2025ರವರೆಗೆ ನಡೆಯಿತು.

ನನ್ನ ಪ್ರಶ್ನೆ ಹಾಕಿ ನೋಡಿ. ಆ ಮನೆಯವರು ಯಾಕೆ ಬಿಟ್ಟುಹೋಗಲ್ಲ? ದುಡ್ಡಿಲ್ಲ. ಬೇರೆ ಮನೆ ಮಾಡಲು ಆಗುವುದಿಲ್ಲ, ಬೆಳೆದ ಮಗಳು ಮಕ್ಕಳ ಸಮೇತ ತವರಿಗೆ ವಾಪಸ್ ಬಂದಿದ್ದಾಳೆ. ಗಂಟು ಇದ್ದದ್ದು ಆ ಬಡತನದಲ್ಲಿ. ಅದಕ್ಕೇ ಲಾಟರಿಯ ಸೀಸನ್ ಅಷ್ಟು ಅಪಸ್ವರವಾಗಿ ಕೇಳಿಸುತ್ತದೆ. ಅದಕ್ಕೇ ಶೀರ್ಷಿಕೆಯ ನಾಯಕಿಯೇ ಹೋದರೂ ಮನೆ ನಿಂತಿತು.

ಡೇಟ್ಸ್ ಸಮಸ್ಯೆ

ಇದು ಚಿಕ್ಕದು. ‘ಅರೆಸ್ಟೆಡ್ ಡೆವಲಪ್‌ಮೆಂಟ್’ 2013ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ನಟರೆಲ್ಲ ಬ್ಯುಸಿ. ಎಲ್ಲರ ಡೇಟ್ಸ್ ಒಟ್ಟಿಗೆ ಸಿಗಲಿಲ್ಲ. ಒಂದೊಂದು ಕಂತನ್ನು ಒಂದೊಂದು ಪಾತ್ರಕ್ಕೆ ಕೊಟ್ಟರು. ಆದರೆ ಆ ಶೋನ ಗಂಟೇ ಒಬ್ಬರನ್ನೊಬ್ಬರು ಸಹಿಸದ ಕುಟುಂಬ ಒಂದೇ ಕೋಣೆಯಲ್ಲಿ ಕೂಡಿಬಿದ್ದಿರುವುದು. 2018ರಲ್ಲಿ ಆ 15 ಕಂತುಗಳನ್ನು ಕತ್ತರಿಸಿ, ಕಾಲಕ್ರಮದಲ್ಲಿ ಜೋಡಿಸಿ 22 ಮಾಡಿದರು. ಎಡಿಟಿಂಗ್ ಟೇಬಲ್ ಮೇಲೆ ಗಂಟು ಹಾಕಲು ಮಾಡಿದ ಪ್ರಯತ್ನ ಅಂತ ನಾನು ಓದಿಕೊಂಡೆ.

ಗಂಟಿಗೇ ವಯಸ್ಸಾದರೆ

‘ಫ್ರೆಂಡ್ಸ್’ನ ನಟರು 2021ರಲ್ಲಿ ಸೇರಿದ್ದು ನೆನಪು ಹಂಚಿಕೊಳ್ಳಲು ಮಾತ್ರ, ಹೊಸ ಕಥೆಗೆ ಅಲ್ಲ. ಅದನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಮಾರ್ಟಾ ಕಾಫ್‌ಮನ್ ಕೊಟ್ಟ ಕಾರಣ ಇಷ್ಟೇ: ಗೆಳೆಯರೇ ಕುಟುಂಬವಾಗಿರುವ ವಯಸ್ಸೊಂದರ ಕಥೆ ಅದು, ಆ ವಯಸ್ಸು ಈಗ ದಾಟಿದೆ. ಇದು ಓದಿದಾಗ ನನ್ನ ಪ್ರಶ್ನೆಗೆ ಒಂದು ಬಾಲ ಸೇರಿತು: ಯಾಕೆ ಬಿಟ್ಟುಹೋಗೋಕೆ ಆಗಲ್ಲ, ಮತ್ತು ಯಾವ ವಯಸ್ಸಿನ ತನಕ?

ಈಗ ಕಾರ್ಟೂನ್ ಒಂದನ್ನು ಹಿಡಿದಿದ್ದೇನೆ. ‘ಕಿಂಗ್ ಆಫ್ ದ ಹಿಲ್’ 2025ರಲ್ಲಿ ವಾಪಸ್ ಬಂತು. ಬರೆದ ಗೆರೆಗಳಿಗೆ ವಯಸ್ಸಾಗುವುದಿಲ್ಲ. ಆ ಮನೆಯ ಮಗ ಬಾಬಿಯನ್ನು ಹುಡುಗನಾಗಿಯೇ ಇಟ್ಟುಕೊಳ್ಳಬಹುದಿತ್ತು. ಆದರೆ ಅವನನ್ನು 21 ವರ್ಷದ ಬಾಣಸಿಗನನ್ನಾಗಿ ಮಾಡಿ ಡ್ಯಾಲಸ್‌ಗೆ ಕಳಿಸಿದ್ದಾರೆ. ಅಪ್ಪ ಹ್ಯಾಂಕ್ ಇರುವುದು ಹಳೆಯ ಊರಿನಲ್ಲಿ. ಯಾರೂ ಒತ್ತಾಯ ಮಾಡದೆ, ಅವರೇ ಅಪ್ಪ-ಮಗನ ಗಂಟನ್ನು ಅಷ್ಟು ಸಡಿಲ ಬಿಟ್ಟಿದ್ದಾರೆ. ಹಾಗಾದರೆ ಹೊಸ ಗಂಟು ಎಲ್ಲಿ ಹಾಕಿದ್ದಾರೆ ಅಂತ ಹುಡುಕುತ್ತಾ ಮೊದಲ ಕಂತನ್ನು ಎರಡನೇ ಸಲ ನೋಡುತ್ತಿದ್ದೇನೆ.