ಮಳೆಗಾಲದಲ್ಲಿ ನೆನೆದ ಮರದ ನೆಲ: ಕಿಟಕಿ ತೆರೆದರೆ ಒಣಗದು

ಆಷಾಢದ ಗಾಳಿಗೆ ಒಂದು ಹಂಚು ಸರಿದರೂ ಸಾಕು, ಉಪ್ಪರಿಗೆಯ ಹಲಗೆ ರಾತ್ರಿಯಿಡೀ ನೀರು ಕುಡಿಯುತ್ತದೆ. ಬೆಳಿಗ್ಗೆ ಒರೆಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟರೆ ಒಣಗೀತು ಎಂದುಕೊಳ್ಳುವುದು ಸಹಜ. ಮಂಗಳೂರು, ಉಡುಪಿಯ ಜುಲೈಯಲ್ಲಿ ಅದು ಆಗದ ಮಾತು.

ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುವವರೆಗೆ ಮಾತ್ರ ಮರ ಒಣಗುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 90 ಇದ್ದರೆ ಮರದ ತೇವಾಂಶ ಸುಮಾರು ಶೇ. 20ಕ್ಕೆ ನಿಂತುಬಿಡುತ್ತದೆ. ಅದಕ್ಕಿಂತ ಮೇಲೇರಿದರೆ ಕೊಳೆಯುವ ಅಪಾಯ ಶುರು. ಆರ್ದ್ರತೆಯನ್ನು ಶೇ. 55–60ಕ್ಕೆ ಇಳಿಸಿದರೆ ಮರ ಶೇ. 10–11ರ ಕಡೆಗೆ ಸಾಗುತ್ತದೆ. ಹಾಗಾಗಿ ಮಳೆ ಸುರಿಯುತ್ತಿರುವಾಗ ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಅಥವಾ ಎ.ಸಿ.ಯ ಡ್ರೈ ಮೋಡ್ ಹಾಕಿ, ನೆಲಮಟ್ಟದಲ್ಲಿ ಫ್ಯಾನ್ ಓಡಿಸಿ. 24ರಿಂದ 48 ಗಂಟೆಗಳಲ್ಲೇ ಬೂಸ್ಟು ಹಿಡಿಯಬಹುದು, ತಡಮಾಡಬೇಡಿ. ಹೀಟರ್ ಮಾತ್ರ ಬೇಡ. ಒಳಗೆ ಹಸಿಯಿರುವಾಗಲೇ ಮೇಲ್ಪದರ ಕುಗ್ಗಿ ಹಲಗೆ ಸೀಳುತ್ತದೆ.

ಉಪ್ಪರಿಗೆಯ ಹಲಗೆಗೆ ಕೆಳಗಿನ ಕೋಣೆಯ ಗಾಳಿಯೂ ತಾಗುವುದರಿಂದ ಅದು ಎರಡೂ ಮುಖಗಳಿಂದ ಒಣಗುತ್ತದೆ. ಫ್ಲಾಟಿನಲ್ಲಿ ಕಾಂಕ್ರೀಟಿನ ಮೇಲೆ ಕೂರಿಸಿದ ನೆಲಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಬಿಚ್ಚಿ, ಗೋಡೆಯಂಚಿನ ಒಂದೆರಡು ಹಲಗೆ ಎಬ್ಬಿಸಿ, ಅಡಿಗೆ ಗಾಳಿ ಹೋಗಲು ದಾರಿ ಮಾಡಬೇಕು. ಲ್ಯಾಮಿನೇಟ್ ಆಗಿದ್ದರೆ ಶ್ರಮ ವ್ಯರ್ಥ. ಅದರ ಒಳಗಿನ ಮರದ ಪುಡಿಯ ಹಾಳೆ ಒಮ್ಮೆ ಉಬ್ಬಿದರೆ ಮೊದಲಿನಂತಾಗದು, ಬದಲಾಯಿಸಬೇಕು.

ಕೆಲವು ದಿನಗಳಲ್ಲಿ ಹಲಗೆಗಳ ಅಂಚು ಮೇಲೆದ್ದು ನಡು ತಗ್ಗುತ್ತದೆ. ಅಡಿಭಾಗ ಹಸಿಯಾಗಿ ಹಿಗ್ಗಿದೆ, ಮೇಲ್ಭಾಗ ಒಣಗಿ ಕುಗ್ಗಿದೆ, ಅಷ್ಟೆ. ಸಾಗುವಾನಿಯಂಥ ಸ್ಥಿರ ಮರದಲ್ಲೂ 150 ಮಿ.ಮೀ. ಅಗಲದ ಹಲಗೆಯ ತೇವಾಂಶ ಶೇ. 18ರಿಂದ 12ಕ್ಕೆ ಇಳಿದರೆ ಅಗಲ ಒಂದೂವರೆ ಮಿ.ಮೀ.ಗಿಂತ ಹೆಚ್ಚೇ ಕಡಿಮೆಯಾಗಬಹುದು. ಈ ಹಂತದಲ್ಲಿ ಆಚಾರಿಯನ್ನು ಕರೆಸಿ ಸ್ಯಾಂಡಿಂಗ್ ಮಾಡಿಸುವುದೇ ಅತಿ ದೊಡ್ಡ ನಷ್ಟ. ಎದ್ದ ಅಂಚನ್ನು ಉಜ್ಜಿ ಮಟ್ಟ ಮಾಡುತ್ತೀರಿ. ಅಡಿಭಾಗವೂ ಒಣಗಿದ ಮೇಲೆ ಹಲಗೆ ನೇರವಾಗುತ್ತದೆ, ತೆಳುವಾದ ಅಂಚು ತಗ್ಗಿ ನಡು ಉಬ್ಬಿ ನಿಲ್ಲುತ್ತದೆ. ಉಜ್ಜಿ ಹೋದ ಮರ ಮರಳಿ ಬರುವುದಿಲ್ಲ. ಕಾದರೆ ಎಷ್ಟೋ ಹಲಗೆಗಳು ತಾವಾಗಿಯೇ ನೇರವಾಗುತ್ತವೆ.

ಎಷ್ಟು ಕಾಯಬೇಕು? ಮುಳ್ಳು ಚುಚ್ಚಿ ಮರದ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಹಿಡಿದು, ಅದೇ ಮನೆಯ ನೆನೆಯದ ಹಲಗೆಯನ್ನು ಮೊದಲು ಅಳೆಯಿರಿ. ನೆನೆದದ್ದು ಅದರ ಹತ್ತಿರ, ಎರಡು ಅಂಕಗಳ ಒಳಗೆ ಬಂದು, ವಾರವಿಡೀ ಅಲ್ಲೇ ನಿಂತರೆ ಒಣಗಿದೆ ಎಂದರ್ಥ. ಕರಾವಳಿಯಲ್ಲಿ ಸ್ಯಾಂಡಿಂಗ್, ಪಾಲಿಶ್ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುವುದೇ ಕ್ಷೇಮ.

ಅಷ್ಟರಲ್ಲಿ ತೊಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಒಳಹೋದರೆ ಅದು ಕೊಳೆತ ಮರ, ಪಾಲಿಶ್‌ನಿಂದ ಸರಿಹೋಗುವಂಥದ್ದಲ್ಲ. ಮೊಳೆಯ ಸುತ್ತಲಿನ ಕಪ್ಪು ಕಲೆ ಕಬ್ಬಿಣ ಮತ್ತು ಮರದಲ್ಲಿರುವ ಒಗರಿನ ಅಂಶವಾದ ಟ್ಯಾನಿನ್ ಕೂಡಿ ಆದದ್ದು. ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿದರೆ ತಿಳಿಯಾಗುತ್ತದೆ. ಅದು ವಿಷ, ಕೈಗವಸು ಕಡ್ಡಾಯ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ.

ಹೊಸ ಹಲಗೆ ತಂದರೆ ಕೂಡಲೇ ಹೊಡೆಸಬೇಡಿ. ನಡುನಡುವೆ ಪಟ್ಟಿ ಕೊಟ್ಟು ಅದೇ ಕೋಣೆಯಲ್ಲಿ ಒಂದೆರಡು ವಾರ ಪೇರಿಸಿಡಿ. ಕೂರಿಸುವಾಗ ಗೋಡೆಯ ಬದಿಗೆ 10–12 ಮಿ.ಮೀ. ಸಂದು ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಿಸಿ. ಬೇಸಗೆಯಲ್ಲಿ ಬಿಗಿಯಾಗಿ ಕೂರಿಸಿದ ನೆಲಕ್ಕೆ ಮುಂದಿನ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಎದ್ದು ಬರುತ್ತದೆ.